ನಿವೃತ್ತಿ, ಜಲವರ್ಣ ಮತ್ತು ರುಮಾಲೆಯವರ ಮರಗಳು

ನಮ್ಮ ಅತ್ತಿಗುಪ್ಪೆ, ಚಂದ್ರಾ ಲೇಔಟ್, ವಿಜಯನಗರದ ಕಡೆ ಯಾವ ಪಾರ್ಕಿಗೆ ಬೆಳಿಗ್ಗೆ ಹೋದರೂ ಕಲ್ಲುಬೆಂಚಿನ ಮೇಲೆ ನಿವೃತ್ತರ ಸಭೆ ಸೇರಿರುತ್ತದೆ. ಬ್ಯಾಂಕಿನವರು, ಟೆಲಿಫೋನ್ಸ್‌ನವರು, ಕೆ.ಇ.ಬಿ.ಯವರು, ಹೈಸ್ಕೂಲು ಮೇಷ್ಟ್ರುಗಳು. ಮಾತು ಶುಗರ್‌ನಿಂದ ಶುರುವಾಗಿ ಡಿ.ಎ. ಅರಿಯರ್ಸ್‌ನಲ್ಲಿ ಮುಗಿಯುವುದು ವಾಡಿಕೆ. ಈಚೆಗೆ ಈ ಎರಡರ ನಡುವೆ ಮೂರನೆಯ ವಿಷಯವೊಂದು ನುಸುಳಿದೆ. ಅದು ಡ್ರಾಯಿಂಗ್ ಕ್ಲಾಸು! ಒಬ್ಬರು ಮೊಬೈಲಿನಲ್ಲಿ ಪಾಠ ನೋಡಿ ಜಲವರ್ಣ ಕಲಿಯುತ್ತಾರೆ, ಇನ್ನೊಬ್ಬರ ಮನೆಯಾಕೆ ಮೈಸೂರು ಶೈಲಿಯ ಗಜಲಕ್ಷ್ಮಿ ಮಾಡುತ್ತಿದ್ದಾರೆ, ಮತ್ತೊಬ್ಬರು ಮೊಮ್ಮಗನ ಕ್ರೇಯಾನ್ಸ್ ಎತ್ತಿಕೊಂಡು ಶುರು ಮಾಡಿ ಈಗ ಸ್ವಂತ ಬಣ್ಣದ ಡಬ್ಬಿ ತಂದಿದ್ದಾರೆ.

ಕೇಳಿದವರ ಮೊದಲ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ. "ಈ ವಯಸ್ಸಲ್ಲಿ ಇದೆಲ್ಲಾ ಯಾಕೆ ಸಾರ್? ಏನು ಉಪಯೋಗ?"

"ಟೈಂ ಪಾಸ್‌ಗೆ" ಅಂತ ನಕ್ಕು ಸುಮ್ಮನಾಗುವವರೇ ಹೆಚ್ಚು. ನನಗೆ ಈ ಉತ್ತರ ಸಮಾಧಾನ ತರುವುದಿಲ್ಲ. ಯಾಕೆಂದರೆ ಬೆಂಗಳೂರಿನ ಚಿತ್ರಗಳ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ, ಬೇರೆ ಕೆಲಸದ ಮಧ್ಯೆ ಹೊತ್ತು ಮಾಡಿಕೊಂಡವರು, ಬೇರೆ ಕೆಲಸ ಮುಗಿಸಿ ಬಂದವರು ಬರೆದ ಚಿತ್ರಗಳು ಈ ಊರಿಗೆ ಎಷ್ಟು ಉಪಕಾರ ಮಾಡಿವೆ ಎನ್ನುವುದು ಕಾಣುತ್ತದೆ. ಅವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ನಮ್ಮ ಪಶ್ಚಿಮ ಬೆಂಗಳೂರಿನ ಜೊತೆಯೇ ನಂಟು ಇರುವಂಥದ್ದು: ರುಮಾಲೆ ಚನ್ನಬಸವಯ್ಯ. ಅವರ ಕಥೆಗೆ ಬರುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ.

ನಿವೃತ್ತಿ ಎಂಬ ಹೊಸ ಸಂಗತಿ

ಮೊದಲಿಗೆ, "ರಿಟೈರ್ ಆದ ಮೇಲೆ ಏನು ಮಾಡೋದು" ಎನ್ನುವ ಪ್ರಶ್ನೆಯೇ ತೀರಾ ಹೊಸದು. ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮ ದೇಶದವರ ಸರಾಸರಿ ಆಯುಸ್ಸು ಸುಮಾರು 32 ವರ್ಷ ಇತ್ತು. (ಹಾಗಂತ ಎಲ್ಲರೂ 32ಕ್ಕೇ ಹೋಗುತ್ತಿದ್ದರು ಅಂತಲ್ಲ. ಹಸುಗೂಸುಗಳ ಸಾವು ಹೆಚ್ಚಿದ್ದರಿಂದ ಸರಾಸರಿ ಅಷ್ಟು ಕೆಳಗಿತ್ತು.) ಈಗ ಅದು 70ರ ಆಸುಪಾಸಿನಲ್ಲಿದೆ. ಕೇಂದ್ರ ಸರ್ಕಾರದ ನೌಕರರಿಗೆ ನಿವೃತ್ತಿ ವಯಸ್ಸು ಮೊದಲು 55 ಇತ್ತು, 1962ರಲ್ಲಿ 58 ಆಯಿತು, 1998ರಲ್ಲಿ 60 ಆಯಿತು. ನಮ್ಮ ರಾಜ್ಯ ಸರ್ಕಾರ 58ನ್ನು 60 ಮಾಡಿದ್ದು 2008ರಲ್ಲಿ. ಇದರ ಜೊತೆಗೆ ವಿ.ಆರ್.ಎಸ್. ಬೇರೆ. 2020ರ ಜನವರಿ 31ರಂದು ಬಿ.ಎಸ್.ಎನ್.ಎಲ್. ಒಂದರಿಂದಲೇ, ದೇಶದಾದ್ಯಂತ 78 ಸಾವಿರಕ್ಕೂ ಹೆಚ್ಚು ಜನ ಒಂದೇ ದಿನ ಮನೆಗೆ ಬಂದರು. ಅವರೆಲ್ಲ 50 ದಾಟಿದವರು, ಆದರೆ ಮುದುಕರಲ್ಲ.

60ಕ್ಕೆ ಮನೆಗೆ ಬಂದವರಿಗೆ ಆರೋಗ್ಯ ಕೈಕೊಡದಿದ್ದರೆ ಮುಂದೆ ಹದಿನೈದು ವರ್ಷವಾದರೂ ಸಿಗುತ್ತದೆ. ಹದಿನೈದು ವರ್ಷ ಅಂದರೆ ಒಂದನೇ ಕ್ಲಾಸಿಗೆ ಸೇರಿದ ಮಗು ಡಿಗ್ರಿ ಮುಗಿಸುವಷ್ಟು ಕಾಲ! ನಮ್ಮ ಹಿರಿಯರ ಕಾಲಕ್ಕೆ ಈ ಹೊತ್ತಿಗೆ ಒಂದು ಸಿದ್ಧ ದಾರಿ ಇತ್ತು. ಕಾಶಿ ರಾಮೇಶ್ವರ, ಪುರಾಣ ಶ್ರವಣ, ಜಗುಲಿಯ ಮೇಲೆ ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು. ಈಗ ಜಗುಲಿ ಹೋಗಿ ಗೇಟು ಬಂದಿದೆ, ಮೊಮ್ಮಕ್ಕಳು ಎಷ್ಟೋ ಮನೆಗಳಲ್ಲಿ ಅಮೆರಿಕದಲ್ಲಿದ್ದಾರೆ. ಹೊತ್ತು ಮಾತ್ರ ಉಳಿದಿದೆ.

ಬೆಂಗಳೂರಿಗೆ "ಪೆನ್ಷನರ್ಸ್ ಪ್ಯಾರಡೈಸ್" ಎಂಬ ಹೆಸರು ಬಂದದ್ದು ಹವೆಯಿಂದ. ತಂಪು ಗಾಳಿ, ಹೂವಿನ ಮರ, ಅಗ್ಗದ ಮನೆ. ಅಗ್ಗದ ಮನೆಯ ಕಥೆ ಬಿಡಿ :-) ಹೂವಿನ ಮರದ ಕಥೆಗೆ ಮತ್ತೆ ಬರುತ್ತೇನೆ, ಈ ಬರಹದ ತಿರುಳೇ ಅದು.

ಬಂದೂಕಿನ ಜೊತೆ ಬ್ರಷ್ಷು

ಬೆಂಗಳೂರನ್ನು ಕಾಗದದ ಮೇಲೆ ಜಲವರ್ಣದಲ್ಲಿ ಮೊದಮೊದಲು ಬರೆದವರು ಸೈನಿಕರು. ಮೂರನೇ ಮೈಸೂರು ಯುದ್ಧದಲ್ಲಿ, 1791ರ ಮಾರ್ಚಿಯಲ್ಲಿ, ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. ಆ ಸೈನ್ಯದ ಜೊತೆ ರಾಬರ್ಟ್ ಹೋಮ್‌ನಂಥ ವೃತ್ತಿ ಚಿತ್ರಕಾರ ಇದ್ದ. ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವವನು ಜೇಮ್ಸ್ ಹಂಟರ್. ಫಿರಂಗಿ ದಳದ ಲೆಫ್ಟಿನೆಂಟ್. ಯುದ್ಧ ಅವನ ಸಂಬಳದ ಕೆಲಸ, ಚಿತ್ರ ಬಿಡುವಿನ ಕೆಲಸ.

ಸೈನಿಕನಿಗೆ ಚಿತ್ರ ಹೇಗೆ ಬಂತು? ಆಗ ಕ್ಯಾಮೆರಾ ಇರಲಿಲ್ಲವಲ್ಲ. ಎದುರಾಳಿಯ ಕೋಟೆ, ಗುಡ್ಡ, ದಾರಿ ಎಲ್ಲವನ್ನೂ ನೋಡಿದ ತಕ್ಷಣ ಗೀಚಿಕೊಳ್ಳುವುದು ಸೇನಾಧಿಕಾರಿಗೆ ಬೇಕಾದ ವಿದ್ಯೆ. ಫಿರಂಗಿ ದಳದ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಇಂಗ್ಲೆಂಡಿನ ವೂಲ್ವಿಚ್ ಸೈನಿಕ ಶಾಲೆಯಲ್ಲಿ ಡ್ರಾಯಿಂಗ್ ಕಡ್ಡಾಯದ ಪಾಠ. ಜಲವರ್ಣದಲ್ಲಿ ಆ ಕಾಲದ ದೊಡ್ಡ ಹೆಸರಾದ ಪಾಲ್ ಸ್ಯಾಂಡ್‌ಬಿ 1768ರಿಂದ ಸುಮಾರು ಮೂರು ದಶಕ ಅಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ.

ಹಂಟರ್ ಬರೆದ ಚಿತ್ರಗಳು ಅವನು ತೀರಿಕೊಂಡ ಮೇಲೆ, 1804-05ರಲ್ಲಿ, ಲಂಡನ್ನಿನಲ್ಲಿ ಮೈಸೂರು ಸೀಮೆಯ ದೃಶ್ಯಗಳ ಪುಸ್ತಕವಾಗಿ ಅಚ್ಚಾದವು. ಅದರಲ್ಲಿ ಬೆಂಗಳೂರು ಕೋಟೆಯ ದೆಹಲಿ ಬಾಗಿಲಿದೆ. ಸೈಪ್ರಸ್ ಮರಗಳ ತೋಟದ ಜೊತೆಗೆ ಕಾಣುವ ಊರಿನ ನೋಟವಿದೆ. ಇವತ್ತು ಕೃಷ್ಣರಾಜ ಮಾರುಕಟ್ಟೆಯ ಎದುರು ಆ ಕೋಟೆಯದು ಒಂದು ತುಂಡು ಮಾತ್ರ ಉಳಿದಿದೆ. ಮಿಕ್ಕದ್ದು ಹೇಗಿತ್ತು ಅಂತ ತಿಳಿಯಬೇಕಾದರೆ ಹಂಟರನಂಥವರ ಕಾಗದಗಳನ್ನೇ ತೆರೆಯಬೇಕು. ಅವನು ನಮ್ಮ ಊರನ್ನು ಗೆಲ್ಲಲು ಬಂದವನು, ಅದನ್ನು ಮರೆಯಬಾರದು. ಆದರೂ ನಿಂತು ನೋಡಿದ, ಬರೆದ, ಯಾವ ಜಾಗ ಅಂತ ಕೆಳಗೆ ಹೆಸರು ಹಾಕಲಾಯಿತು. ಇನ್ನೂರು ವರ್ಷದ ಮೇಲೆ ನಮ್ಮ ಕೈಗೆ ಸಿಕ್ಕಿದ್ದು ಅದೇ.

ಡ್ರಾಯಿಂಗ್ ಮೇಷ್ಟ್ರ ಕಾಲ

ನಮ್ಮವರಿಗೆ ಚಿತ್ರ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಶೈಲಿ ಅರಳಿ ಆಗಿತ್ತು. ಆದರೆ ಅದು ಮನೆತನದಿಂದ, ಗುರುವಿನಿಂದ ಬರುವ ವಿದ್ಯೆ. ಅಪ್ಪ ಚಿತ್ರಗಾರನಾದರೆ ಮಗ ಚಿತ್ರಗಾರ. ಗುಮಾಸ್ತೆಯ ಮಗನೋ ರೈತನ ಮಗನೋ ಹೋಗಿ "ನನಗೂ ಕಲಿಸಿ" ಎಂದು ಕೇಳುವ ಬಾಗಿಲು ತೆರೆದದ್ದು ಇಪ್ಪತ್ತನೇ ಶತಮಾನದಲ್ಲಿ.

ಮೈಸೂರಿನಲ್ಲಿ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1906ರಲ್ಲಿ. ಹಾಕಿದವನು ಆಗಿನ ವೇಲ್ಸ್ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವನು. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರು 1919ರಲ್ಲಿ ಕಲಾಮಂದಿರ ಶುರು ಮಾಡಿದರು. ಅರಮನೆ ಕಟ್ಟಿದ ಶಾಲೆಯಲ್ಲ ಅದು, ಒಬ್ಬ ಮೇಷ್ಟ್ರು ಹಟ ಹಿಡಿದು ಕಟ್ಟಿದ ಶಾಲೆ. (ಆಕಾಶವಾಣಿಯ "ಈರಣ್ಣ" ಎಂದೇ ಹೆಸರಾದ ಎ.ಎಸ್. ಮೂರ್ತಿ ಇವರ ಮಗ. ವೇದಿಕೆಯ ಮೇಲೆ ನಿಂತು ಜನರೆದುರು ಚಿತ್ರ ಬರೆದು ಬೆರಗು ಹುಟ್ಟಿಸುತ್ತಿದ್ದ ಬಿ.ಕೆ.ಎಸ್. ವರ್ಮ ಕೂಡ ಕಲಾಮಂದಿರದಲ್ಲಿ ಕಲಿತವರು.) ಆಮೇಲೆ 1960ರಲ್ಲಿ ಎಂ.ಎಸ್. ನಂಜುಂಡರಾಯರ ದುಡಿಮೆಯಿಂದ ಚಿತ್ರಕಲಾ ಪರಿಷತ್ತು ಬಂತು. ಶೇಷಾದ್ರಿಪುರದಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆ ಬಂತು.

ಇವೆಲ್ಲ ಕಲಾವಿದರಾಗಬೇಕೆಂದು ಹೊರಟವರ ದಾರಿ. ಉಳಿದ ನಮ್ಮಂಥವರಿಗೆ ಸಿಕ್ಕಿದ್ದು ಹೈಸ್ಕೂಲಿನ ಡ್ರಾಯಿಂಗ್ ಪೀರಿಯಡ್ಡು. ಮಡಕೆ, ಮಾವಿನಹಣ್ಣು, ಎರಡು ಗುಡ್ಡದ ನಡುವೆ ಸೂರ್ಯ, ಕೆಳಗೆ ತೆಂಗಿನಮರ. ಪರೀಕ್ಷೆ ಹತ್ತಿರ ಬಂದರೆ ಆ ಪೀರಿಯಡ್ಡನ್ನು ಲೆಕ್ಕದ ಮೇಷ್ಟ್ರು ಎತ್ತಿಕೊಳ್ಳುತ್ತಿದ್ದರು. ಆಸೆ ಇದ್ದವರು ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟಿದರು. ಆಮೇಲೆ ಪಿ.ಯು.ಸಿ., ಡಿಗ್ರಿ, ಕೆಲಸ, ಮದುವೆ, ಸೈಟು, ಸಾಲ. ಇವತ್ತು ಪಾರ್ಕಿನ ಬೆಂಚಿನಲ್ಲಿ ಕೂತವರಲ್ಲಿ ಎಷ್ಟೋ ಜನ ಚಿತ್ರವನ್ನು ಬಿಟ್ಟದ್ದು ಹೀಗೆ. ಬೇಡವೆಂದು ಬಿಟ್ಟವರು ಕಡಿಮೆ. ಎಲ್ಲೋ ಇಟ್ಟು ಮರೆತವರೇ ಹೆಚ್ಚು.

ಮೂವತ್ತು ವರ್ಷ ಕುಂಚ ಕೆಳಗಿಟ್ಟವರು

ಈಗ ರುಮಾಲೆಯವರ ಕಥೆ.

ರುಮಾಲೆ ಚನ್ನಬಸವಯ್ಯ ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಮಗ್ಗದ ಊರು, ಬಣ್ಣದ ನೂಲಿನ ಊರು. ಬೆಂಗಳೂರಿನ ಕಲಾಮಂದಿರದಲ್ಲಿ ಸುಬ್ಬರಾಯರ ಹತ್ತಿರ ಕಲಿತರು, ಅಲ್ಲಿಂದ ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿಗೆ ಹೋದರು. ಮೇಲೆ ಹೇಳಿದ ಎರಡೂ ಬಾಗಿಲನ್ನು ದಾಟಿದ ಹುಡುಗ. ಹಾಗೇ ಮುಂದುವರಿದಿದ್ದರೆ ಇಪ್ಪತ್ತೈದಕ್ಕೇ ಹೆಸರು ಮಾಡುತ್ತಿದ್ದರೋ ಏನೋ.

ಆದರೆ ಕಾಲ 1930. ಉಪ್ಪಿನ ಸತ್ಯಾಗ್ರಹದ ಗಾಳಿ. ಓದು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದರು. ಡಾ. ನಾ.ಸು. ಹರ್ಡೀಕರರು ಕಟ್ಟಿದ ಸೇವಾದಳದ ಕೆಲಸಕ್ಕೆ ನಿಂತರು. ಸ್ವಾತಂತ್ರ್ಯ ಬಂದ ಮೇಲೂ ಬಿಡುವಾಗಲಿಲ್ಲ. "ತಾಯಿನಾಡು" ಪತ್ರಿಕೆಯ ಸಂಪಾದಕರಾದರು, ಶಾಸಕರಾದರು. ಹೀಗೆ ಹೆಚ್ಚುಕಡಿಮೆ ಮೂವತ್ತು ವರ್ಷ ಸಾರ್ವಜನಿಕ ಕೆಲಸಕ್ಕೇ ಹೋಯಿತು.

ಮೂವತ್ತು ವರ್ಷ ಅಂದರೆ ಒಂದು ಪೂರ್ತಿ ಸರ್ವಿಸ್ಸು, ಅಲ್ಲವೇ?

1960ರ ದಶಕದ ಆರಂಭದಲ್ಲಿ ಅವರು ರಾಜಕೀಯ ಬಿಟ್ಟು ಮತ್ತೆ ಕುಂಚ ಹಿಡಿದರು. ಆಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ಈಗಿನ ಲೆಕ್ಕದಲ್ಲಿ ವಿ.ಆರ್.ಎಸ್. ತೆಗೆದುಕೊಳ್ಳುವ ವಯಸ್ಸು. ರಾಜಕೀಯದಲ್ಲಿ ಆ ವಯಸ್ಸು ಏರುವ ಕಾಲ, ಯಾರೂ ಇಳಿದು ಹೋಗುವುದಿಲ್ಲ. ಇಳಿದವರೂ ಒಂದು ಬೋರ್ಡಿಗೋ ನಿಗಮಕ್ಕೋ ಅರ್ಜಿ ಹಾಕಿಕೊಂಡಿರುತ್ತಾರೆ. ರುಮಾಲೆಯವರು ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಕಬ್ಬನ್ ಪಾರ್ಕಿಗೆ ಹೋದರು, ಲಾಲ್‌ಬಾಗಿಗೆ ಹೋದರು. ಮರದ ಎದುರು ನಿಂತು ಅಲ್ಲೇ ಬರೆದರು. ಜಲವರ್ಣ, ತೈಲವರ್ಣ ಎರಡರಲ್ಲೂ. 1988ರಲ್ಲಿ ತೀರಿಕೊಳ್ಳುವವರೆಗಿನ ಅವರ ಆಯುಷ್ಯಕ್ಕೆ ಇದೇ ಉಸಿರಾಯಿತು.

ಅವರ ಚಿತ್ರ ನೋಡಿದವರಿಗೆ ಗೊತ್ತು, ಅದು ಸುಸ್ತಾದ ಮನುಷ್ಯನ ಕೈಬರಹ ಅಲ್ಲ. ಬಣ್ಣ ದಪ್ಪ, ಕುಂಚದ ಹೊಡೆತ ಒಂದರ ಪಕ್ಕ ಒಂದು ಗಿಜಿಗುಟ್ಟುತ್ತದೆ, ಮರದ ತುಂಬ ಹೂವು ಕುಣಿಯುತ್ತದೆ. ಅವರನ್ನು ವ್ಯಾನ್ ಗೋಗೆ ಹೋಲಿಸುವುದು ಈ ಕಾರಣಕ್ಕೆ. ವ್ಯಾನ್ ಗೋನ ಬಣ್ಣದಲ್ಲಿ ಒಂದು ತಳಮಳ ಇದೆ. ರುಮಾಲೆಯವರಲ್ಲಿ ನನಗೆ ಕಾಣುವುದು ಬಹಳ ದಿನ ಊರು ಬಿಟ್ಟಿದ್ದವನು ಮನೆಗೆ ಬಂದಾಗಿನ ಖುಷಿ.

ಒಂದು ವಿಷಯ ಸ್ಪಷ್ಟ ಮಾಡಬೇಕು. ರುಮಾಲೆಯವರನ್ನು "ಹವ್ಯಾಸಿ" ಅಂದರೆ ತಪ್ಪಾಗುತ್ತದೆ. ಎಳೆಯ ವಯಸ್ಸಿನಲ್ಲಿ ಗುರುಗಳ ಹತ್ತಿರ ಕಲಿತವರು, ಕೊನೆಗಾಲದಲ್ಲಿ ಪೂರ್ತಿ ದಿನ ಬರೆದವರು. ಹಾಗಿದ್ದೂ ನಿವೃತ್ತರಿಗೆ ಅವರು ಹತ್ತಿರದವರು ಎಂದು ನನಗೆ ಅನಿಸುವುದು ಆ ಮೂವತ್ತು ವರ್ಷದ ಅಂತರದಿಂದ. ಆ ವರ್ಷಗಳು ದಂಡವಾದವೇ? ಚಿತ್ರದ ಲೆಕ್ಕದಲ್ಲಿ ನಷ್ಟವೇ. ಇಪ್ಪತ್ತರಿಂದ ಐವತ್ತರವರೆಗಿನ ರುಮಾಲೆ ಬರೆಯಬಹುದಾಗಿದ್ದ ಚಿತ್ರಗಳು ನಮಗೆ ಸಿಗಲಿಲ್ಲ. ಆದರೆ ಬಿಟ್ಟುಹೋಗಿದ್ದನ್ನು ಮತ್ತೆ ಹಿಡಿದವನು ಇನ್ನು ಹೊತ್ತು ಕಳೆಯಬಾರದು ಎಂಬ ಅವಸರದಿಂದ ಹಿಡಿಯುತ್ತಾನೆ. ಟೈಂ ಪಾಸ್ ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ.

ಅವರ ಚಿತ್ರಗಳಿಗಾಗಿ ರುಮಾಲೆ ಆರ್ಟ್ ಹೌಸ್ ಎಂಬ ಕಲಾಗೃಹ ತೆರೆದದ್ದು ರಾಜಾಜಿನಗರದಲ್ಲಿ. ಕೈಗಾರಿಕಾ ಉಪನಗರ ಎಂದು ಶುರುವಾದ ಬಡಾವಣೆ ಅದು. ಕಾರ್ಖಾನೆ, ಶೆಡ್ಡು, ಲೇತು ಮಿಷನ್ನುಗಳ ಊರಿನಲ್ಲಿ ಹೂಮರಗಳ ಚಿತ್ರಗಳಿಗೊಂದು ಮನೆ. ನಮ್ಮ ಪಶ್ಚಿಮ ಬೆಂಗಳೂರಿನವರು ಮಾಲು, ಫ್ಲೈಓವರ್ ಹೆಸರು ಹೇಳುವಷ್ಟು ಸಲೀಸಾಗಿ ಈ ಹೆಸರನ್ನೂ ಹೇಳುವಂತಾಗಬೇಕು.

ತಡವಾಗಿ ಶುರು ಮಾಡಿದ ಇನ್ನೂ ಕೆಲವರು

ರುಮಾಲೆಯವರಿಗಾದರೂ ಹಳೆಯ ಕಲಿಕೆ ಇತ್ತು. ಏನೂ ಕಲಿಯದೆ ತಡವಾಗಿ ಶುರು ಮಾಡಿದವರು ಇದ್ದಾರೆಯೇ? ಇದ್ದಾರೆ. ಅವರಲ್ಲಿ ಇಬ್ಬರಿಗೆ ಬೆಂಗಳೂರಿನ ನೆಂಟಸ್ತನವೂ ಇದೆ.

ರವೀಂದ್ರನಾಥ ಟ್ಯಾಗೋರರು 1928ರಲ್ಲಿ ಬೆಂಗಳೂರಿನ ಬಾಲಬ್ರೂಯಿಯಲ್ಲಿ ಉಳಿದುಕೊಂಡು "ಶೇಷೇರ್ ಕವಿತಾ" ಕಾದಂಬರಿ ಮುಗಿಸಿದರು ಎನ್ನುವುದು ಎಲ್ಲರಿಗೂ ಗೊತ್ತು. ಅವರು ಚಿತ್ರಕ್ಕೆ ಗಂಭೀರವಾಗಿ ಕೈಹಾಕಿದ್ದೂ ಅದೇ ಆಸುಪಾಸಿನಲ್ಲಿ. ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದು ಹಾಕಿದ ಸಾಲುಗಳನ್ನು ಸೇರಿಸುತ್ತಾ ಸೇರಿಸುತ್ತಾ ಹಕ್ಕಿ, ಮುಖ, ವಿಚಿತ್ರ ಪ್ರಾಣಿ ಮೂಡಿಸುತ್ತಿದ್ದರು. ಅಲ್ಲಿಂದ ಚಿತ್ರವೇ ಬೇರೆಯಾಗಿ ಬೆಳೆಯಿತು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ಆದಾಗ ಅವರಿಗೆ 69 ತುಂಬುತ್ತಿತ್ತು. ಆಮೇಲಿನ ಹತ್ತು ವರ್ಷದಲ್ಲಿ ಅವರು ಬರೆದ ಚಿತ್ರಗಳು ಸಾವಿರಗಟ್ಟಲೆ.

ಇನ್ನೊಬ್ಬ ಚರ್ಚಿಲ್. 1896ರಲ್ಲಿ ಎಳೆಯ ಸೈನ್ಯಾಧಿಕಾರಿಯಾಗಿ ಬೆಂಗಳೂರು ದಂಡಿಗೆ ಬಂದವನು. ಇಲ್ಲಿ ಪೋಲೋ ಆಡಿದ, ಚಿಟ್ಟೆ ಹಿಡಿದ, ಗುಲಾಬಿ ಬೆಳೆಸಿದ, ಪೆಟ್ಟಿಗೆಗಟ್ಟಲೆ ಪುಸ್ತಕ ಓದಿದ, ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ! ಚಿತ್ರ ಮಾತ್ರ ಬರೆಯಲಿಲ್ಲ. ಕುಂಚ ಹಿಡಿದದ್ದು 1915ರಲ್ಲಿ, 40ನೇ ವಯಸ್ಸಿನಲ್ಲಿ, ಡಾರ್ಡನೆಲ್ಸ್ ಯುದ್ಧದ ಸೋಲಿನಿಂದ ಅಧಿಕಾರ ಕಳೆದುಕೊಂಡು ಮಂಕಾಗಿ ಕೂತಿದ್ದಾಗ. ಆಮೇಲೆ ಬಿಡಲೇ ಇಲ್ಲ. ಹವ್ಯಾಸವಾಗಿ ಚಿತ್ರ ಬರೆಯುವುದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಅವನ ರಾಜಕೀಯ ನಮಗೆ, ಅದರಲ್ಲೂ ಬಂಗಾಳದ ಕ್ಷಾಮ ನೆನಪಿರುವವರಿಗೆ, ಹಿಡಿಸುವಂಥದ್ದಲ್ಲ. ಆದರೆ ಕುರ್ಚಿ ಹೋದ ಮೇಲೆ ಮನುಷ್ಯನಿಗೆ ಆಗುವ ಮಂಕು ಎಲ್ಲರಿಗೂ ಒಂದೇ. ನಿವೃತ್ತರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ.

ಪ್ಯಾರಿಸ್ಸಿನ ಸುಂಕದ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಹೆನ್ರಿ ರೂಸೋ 1893ರಲ್ಲಿ, 49ಕ್ಕೆ, ಸಣ್ಣ ಪೆನ್ಷನ್ನಿನ ಜೊತೆ ನಿವೃತ್ತಿ ಪಡೆದು ಚಿತ್ರಕ್ಕೇ ನಿಂತ. ಜನ ನಕ್ಕರು. ಅವನು ಬರೆಯುತ್ತಲೇ ಹೋದ. 1908ರಲ್ಲಿ ಪಿಕಾಸೋ ತನ್ನ ಮನೆಯಲ್ಲಿ ಅವನಿಗಾಗಿ ಔತಣ ಏರ್ಪಡಿಸಿದ. ನಕ್ಕವರ ಹೆಸರು ಯಾರಿಗೂ ನೆನಪಿಲ್ಲ, ರೂಸೋನ ಕಾಡಿನ ಚಿತ್ರಗಳು ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲಿವೆ.

ಅಮೆರಿಕದ ಅಜ್ಜಿ ಮೋಸೆಸ್ ಕಥೆ ಇನ್ನೂ ಚೆನ್ನ. 1860ರಲ್ಲಿ ಹುಟ್ಟಿದ ರೈತಾಪಿ ಹೆಂಗಸು. ಬಟ್ಟೆಯ ಮೇಲೆ ದಾರದಲ್ಲಿ ಚಿತ್ರ ಹೆಣೆಯುತ್ತಿದ್ದಳು. ಕೀಲುನೋವಿನಿಂದ ಸೂಜಿ ಹಿಡಿಯುವುದು ಕಷ್ಟವಾಯಿತು, ಎಪ್ಪತ್ತೈದು ದಾಟಿದ ಮೇಲೆ ಕುಂಚ ಹಿಡಿದಳು. 1938ರಲ್ಲಿ ಔಷಧಿ ಅಂಗಡಿಯ ಕಿಟಕಿಯಲ್ಲಿ ಇಟ್ಟಿದ್ದ ಅವಳ ಚಿತ್ರಗಳು ಒಬ್ಬ ಸಂಗ್ರಾಹಕನ ಕಣ್ಣಿಗೆ ಬಿದ್ದವು, 1940ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ. 101 ವರ್ಷ ಬದುಕಿದಳು.

ಇವಳ ಕಥೆ ಓದಿದಾಗೆಲ್ಲ ನನಗೆ ನಮ್ಮ ಮನೆಗಳ ಹೆಂಗಸರು ನೆನಪಾಗುತ್ತಾರೆ. ಅವರಿಗೆ ನಿವೃತ್ತಿ ಎಂಬುದೇ ಇಲ್ಲ, ಆದರೆ ಅಭ್ಯಾಸ ಐವತ್ತು ವರ್ಷದ್ದಿದೆ. ದಿನಾ ಬೆಳಿಗ್ಗೆ ಎದ್ದು ಹದಿನೈದು ಚುಕ್ಕೆಯ ರಂಗೋಲಿಯನ್ನು ಅಳತೆಗೋಲಿಲ್ಲದೆ, ಅಳಿಸದೆ ಎಳೆಯುವ ಕೈ ಅದು. ಅಂಥವರು ಮೈಸೂರು ಶೈಲಿ ಕಲಿಯಲು ಕೂತರೆ ಗೆರೆಯ ತೊಂದರೆ ಇರುವುದಿಲ್ಲ. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ರೇಖೆ ಎಳೆಯುವುದು, ಮಕ್ಕಿ ಸಫೇದದ ಪುಡಿಗೆ ಅಂಟು ಕಲಸಿ ಒಡವೆ, ಕಂಬ, ಕಿರೀಟಕ್ಕೆ ಉಬ್ಬು ಕೊಡುವುದು, ಅದರ ಮೇಲೆ ಚಿನ್ನದ ಹಾಳೆ ಕೂರಿಸುವುದು ಇದರ ಹಳೆಯ ಕ್ರಮ. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಗಾಜಿನ ಕಲ್ಲುಗಳ ಮಿರುಗು. ಮೈಸೂರಿನದರಲ್ಲಿ ಉಬ್ಬು ತೆಳು, ಹಾಳೆ ತೆಳು, ನಾಜೂಕು ಹೆಚ್ಚು. ತಾಳ್ಮೆ ಎರಡಕ್ಕೂ ಬೇಕು, ಅದು ಅವರಲ್ಲಿ ಮೊದಲೇ ಇದೆ.

ಕಣ್ಣು, ಕೈ, ನೀರು

"ಕೈ ನಡುಗುತ್ತೆ, ಕಣ್ಣು ಮಂಜು, ಇನ್ನೇನು ಕಲಿಯೋದು" ಎನ್ನುವವರಿಗೆ ಇನ್ನೊಂದು ಕಥೆ. ಫ್ರಾನ್ಸಿನ ಕ್ಲಾಡ್ ಮೋನೆಗೆ 1912ರಲ್ಲಿ ಕಣ್ಣಿನ ಪೊರೆ ಇದೆ ಅಂತ ಗೊತ್ತಾಯಿತು. ವರ್ಷ ಕಳೆದಂತೆ ಅವನ ಚಿತ್ರಗಳಲ್ಲಿ ಕೆಂಪು, ಕಂದು ಹೆಚ್ಚಾಯಿತು, ನೀಲಿ ಮಸುಕಾಯಿತು. 1923ರಲ್ಲಿ, 82ನೇ ವಯಸ್ಸಿನಲ್ಲಿ, ಬಲಗಣ್ಣಿನ ಆಪರೇಷನ್ ಮಾಡಿಸಿಕೊಂಡು ಮತ್ತೆ ತಾವರೆಕೊಳದ ದೊಡ್ಡ ಚಿತ್ರಗಳಿಗೆ ಕೂತ. ವಯಸ್ಸಾದಂತೆ ನಮ್ಮೆಲ್ಲರ ಕಣ್ಣಿನ ಮಸೂರ ಹಳದಿಯಾಗುತ್ತಾ ನೀಲಿ ಬೆಳಕನ್ನು ತಡೆಯುತ್ತದೆ. ಪೊರೆ ತೆಗೆಸಿಕೊಂಡು ಬಂದವರು "ನಮ್ಮ ಮನೆ ಗೋಡೆ ಇಷ್ಟು ಬೆಳ್ಳಗಿತ್ತಾ!" ಅಂತ ಬೆರಗಾಗುವುದು ಅದಕ್ಕೇ. ಬಣ್ಣ ಬಳಸುವವರು ಹಗಲು ಬೆಳಕಿನಲ್ಲಿ ಕೂರಬೇಕು, ಟ್ಯೂಬಿನ ಮೇಲಿನ ಹೆಸರು ಓದಿಕೊಂಡು ಬಣ್ಣ ತೆಗೆಯಬೇಕು, ಅಷ್ಟೇ.

ಕೈ ನಡುಕಕ್ಕೂ ಉಪಾಯ ಇದೆ. ಸಣ್ಣ ಕುಂಚ ಬಿಟ್ಟು ದಪ್ಪ ಕುಂಚ ಹಿಡಿಯುವುದು, ಬೆರಳಿನಿಂದ ಬರೆಯದೆ ಭುಜದಿಂದ ಬರೆಯುವುದು. ಎಲೆ ಎಲೆಯಾಗಿ ಬರೆಯಲು ಹೋದರೆ ಯಾವ ಮರವೂ ಮುಗಿಯುವುದಿಲ್ಲ. ಮರವನ್ನು ಬೆಳಕಿನ ಗುಂಪು, ನೆರಳಿನ ಗುಂಪು ಅಂತ ಎರಡಾಗಿ ನೋಡಿದರೆ ಅರ್ಧ ಕೆಲಸ ಆದಂತೆ.

ಜಲವರ್ಣದಲ್ಲಿ ಬಿಳಿ ಬಣ್ಣ ಅಂದರೆ ಕಾಗದವೇ. ಬಿಳಿ ಬೇಕಾದ ಕಡೆ ಬಣ್ಣ ಹಾಕದೆ ಬಿಡಬೇಕು. ತೆಳುವಿನಿಂದ ಗಾಢಕ್ಕೆ ಹೋಗಬೇಕು, ಒಂದು ಪದರ ಒಣಗುವವರೆಗೆ ಕಾಯಬೇಕು. ಸರ್ಕಾರಿ ಆಫೀಸಿನಲ್ಲಿ ಫೈಲು ಮೇಜಿನಿಂದ ಮೇಜಿಗೆ ಹೋಗುವುದನ್ನು ಕಾದವರಿಗೆ ಇದೇನೂ ಕಷ್ಟವಲ್ಲ :-) ಇಷ್ಟಕ್ಕೂ ನಾವು ಕನ್ನಡದಲ್ಲಿ ಚಿತ್ರ "ಬರೆಯುತ್ತೇವೆ", ಚಿತ್ರ "ಬಿಡಿಸುತ್ತೇವೆ". ಸಿಕ್ಕನ್ನು ಬಿಡಿಸುತ್ತೇವೆ, ಒಗಟನ್ನು ಬಿಡಿಸುತ್ತೇವೆ, ಚಿತ್ರವನ್ನೂ ಬಿಡಿಸುತ್ತೇವೆ. ಕಣ್ಣಿಗೆ ಗೋಜಲಾಗಿ ಕಂಡದ್ದನ್ನು ನಿಧಾನವಾಗಿ ಬಿಡಿಸುವುದೇ ಅಲ್ಲವೇ ಇದು?

ಸಾಮಾನಿನ ಚರಿತ್ರೆಯನ್ನೂ ಒಂದು ಮಾತಿನಲ್ಲಿ ಹೇಳುತ್ತೇನೆ. ಮೊದಲು ತೈಲವರ್ಣವನ್ನು ಅರೆದು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಹಿಚುಕುವ ಲೋಹದ ಟ್ಯೂಬು ಕಂಡುಹಿಡಿದ. ಚಿತ್ರಕಾರರು ಕೋಣೆ ಬಿಟ್ಟು ಹೊಲ, ಹೊಳೆ, ತೋಪಿಗೆ ಹೋಗಿ ಬರೆಯುವುದು ಆಗ ಸಲೀಸಾಯಿತು. ರುಮಾಲೆಯವರು ಕಬ್ಬನ್ ಪಾರ್ಕಿನಲ್ಲಿ ನಿಂತು ತೈಲವರ್ಣ ಬರೆದದ್ದರ ಹಿಂದೆ ಈ ಟ್ಯೂಬಿನ ಪಾಲೂ ಇದೆ. ನಮ್ಮ ಕಾಲದಲ್ಲಿ ಕ್ಯಾಮ್ಲಿನ್ ಬಣ್ಣ ಪ್ರತಿ ಸ್ಟೇಷನರಿ ಅಂಗಡಿಗೆ ಬಂದದ್ದೂ ದೊಡ್ಡ ಸಂಗತಿಯೇ. 1931ರಲ್ಲಿ ಕುದುರೆ ಮಾರ್ಕಿನ ಶಾಯಿ ಮಾರಲು ಶುರುವಾದ ಕಂಪನಿ ಅದು.

ಮರ ಇರುವಾಗಲೇ

ಈಗ ಹೂವಿನ ಮರಕ್ಕೆ ಬರೋಣ.

ರುಮಾಲೆಯವರು ಬರೆದ ಹೂಮರಗಳು ತಾವಾಗಿ ಹುಟ್ಟಿದವಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಮರದ ಹೂವು ಮುಗಿಯುತ್ತಿದ್ದಂತೆ ಇನ್ನೊಂದರ ಹೂವು ಶುರುವಾಗುವ ಹಾಗೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ದಕ್ಷಿಣ ಅಮೆರಿಕದ ಜಕರಂದ, ಟಬೂಬಿಯಾ, ಮಡಗಾಸ್ಕರಿನ ಗುಲ್‌ಮೊಹರ್ ಇಲ್ಲಿಯವೇ ಆಗಿಹೋದವು. ಅಂದರೆ ಒಬ್ಬ ತೋಟಗಾರ ಐವತ್ತು ವರ್ಷ ಮೊದಲು ನೆಟ್ಟದ್ದನ್ನು ಇನ್ನೊಬ್ಬ ಚಿತ್ರಗಾರ ಬಣ್ಣದಲ್ಲಿ ಉಳಿಸಿದ.

ಆಮೇಲೆ ಬಹಳಷ್ಟು ಮರ ಹೋಯಿತು. ಎಂ.ಜಿ. ರಸ್ತೆಯ ಉದ್ದಕ್ಕೂ ಇದ್ದ ನೆರಳಿನ ಬುಲೆವಾರ್ಡ್ ಮೆಟ್ರೋ ಕಾಮಗಾರಿಗೆ ಹೋಯಿತು. ಅದೇ ಜಾಗದಲ್ಲಿ 2013ರಲ್ಲಿ ರಂಗೋಲಿ ಕಲಾಕೇಂದ್ರ ತೆರೆಯಿತು. ಮರ ಹೋದ ಜಾಗದಲ್ಲಿ ಚಿತ್ರ ಪ್ರದರ್ಶನ! ನಗಬೇಕೋ ಅಳಬೇಕೋ. ಮೆಟ್ರೋ ಬೇಡ ಅಂತ ನಾನು ಹೇಳುತ್ತಿಲ್ಲ. 2015ರ ನವೆಂಬರಿನಲ್ಲಿ ನಮ್ಮ ಅತ್ತಿಗುಪ್ಪೆ ನಿಲ್ದಾಣ ತೆರೆದ ಮೇಲೆ ಕಬ್ಬನ್ ಪಾರ್ಕು, ಚಿತ್ರಸಂತೆ ಎಲ್ಲವೂ ಹತ್ತಿರವಾಗಿವೆ. 2003ರಲ್ಲಿ ಶುರುವಾದ ಆ ಸಂತೆಗೆ ಜನವರಿಯಲ್ಲಿ ಹೋಗಿ ಬನ್ನಿ. ಕುಮಾರಕೃಪಾ ರಸ್ತೆಯ ಎರಡೂ ಬದಿಯಲ್ಲಿ, ದೊಡ್ಡ ಕಲಾವಿದರ ಪಕ್ಕದಲ್ಲೇ ಹೊಸಬರೂ ತಮ್ಮ ಚಿತ್ರ ಹರಡಿಕೊಂಡು ಕೂತಿರುತ್ತಾರೆ.

ನಾನು ಹೇಳುವುದು ಇಷ್ಟೇ. ಅತ್ತಿಗುಪ್ಪೆಯ ಹೆಸರಿನಲ್ಲೇ ಒಂದು ಅತ್ತಿಮರ ಇದೆ. ಆ ಹೆಸರು ಕೊಟ್ಟ ಮರ ಯಾವುದು, ಎಲ್ಲಿತ್ತು, ಎಷ್ಟು ದಪ್ಪ ಇತ್ತು, ಯಾರೂ ಬರೆದಿಟ್ಟಿಲ್ಲ. ಹಂಟರ್ ಕೋಟೆ ಬರೆದ, ರುಮಾಲೆಯವರು ಕಬ್ಬನ್ ಪಾರ್ಕು ಬರೆದರು. ನಮ್ಮ ಬಡಾವಣೆಗಳಿಗೆ ಅಂಥ ಕಣ್ಣು ಸಿಗಲಿಲ್ಲ. ಹೊಲ ಇದ್ದಾಗ, ತೋಪು ಇದ್ದಾಗ, ಸೈಟುಗಳ ಕಲ್ಲು ನೆಟ್ಟಾಗ, ಮೊದಲ ಶೀಟಿನ ಮನೆ ಎದ್ದಾಗ ಎದುರು ಕೂತು ಬರೆದ ಚಿತ್ರ ನನಗಂತೂ ಒಂದೂ ಕಂಡಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಈಗಿರುವುದೂ ಇರುವುದಿಲ್ಲ. ಕೆಂಪು ನೆಲದ ಹಳೆಯ ಮನೆ ಬಿದ್ದು ನಾಲ್ಕು ಅಂತಸ್ತು ಏಳುತ್ತದೆ, ಮೂಲೆಯ ಹೊಂಗೆ ಮರ ಚರಂಡಿ ಕೆಲಸಕ್ಕೆ ಹೋಗುತ್ತದೆ.

ಮೊಬೈಲಿನಲ್ಲಿ ಫೋಟೋ ಇದೆಯಲ್ಲ ಅನ್ನಬಹುದು. ಇದೆ, ಸಾವಿರಗಟ್ಟಲೆ ಇದೆ, ಫೋನು ಕೆಟ್ಟರೆ ಎಲ್ಲ ಒಟ್ಟಿಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಫೋಟೋ ತೆಗೆಯಲು ಮರವನ್ನು ಒಂದು ಕ್ಷಣ ನೋಡಿದರೆ ಸಾಕು. ಚಿತ್ರ ಬರೆಯಲು ಎರಡು ಗಂಟೆ ನೋಡಬೇಕು. ಎರಡು ಗಂಟೆ ನೋಡಿದ ಮರವನ್ನು ಕಡಿಯಲು ಬಂದಾಗ ಮನುಷ್ಯ ಸುಮ್ಮನಿರಲಾರ.

ಆದ್ದರಿಂದ ಗುಡ್ಡದ ನಡುವಿನ ಸೂರ್ಯನನ್ನು, ಪಾಠದ ವಿಡಿಯೋದಲ್ಲಿ ಬರುವ ಹಿಮದ ಬೆಟ್ಟವನ್ನು ಸ್ವಲ್ಪ ದಿನ ಬದಿಗಿಡಿ. ನಿಮ್ಮ ಬೀದಿಯ ಮರ ಬರೆಯಿರಿ, ಎದುರು ಮನೆಯ ಗೇಟು ಬರೆಯಿರಿ, ಎಳನೀರಿನ ಗಾಡಿ ಬರೆಯಿರಿ. ಚೆನ್ನಾಗಿ ಬರಲಿ ಬಿಡಲಿ, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಮೂರು ವಿಷಯ ಮರೆಯದೆ ಹಾಕಿ: ಯಾವ ಜಾಗ, ಯಾವ ಮರ, ಯಾವ ತಾರೀಖು. ಮೂವತ್ತು ವರ್ಷ ಆಫೀಸಿನಲ್ಲಿ ಪ್ರತಿ ಕಾಗದಕ್ಕೂ ತಾರೀಖು ಹಾಕಿದವರಿಗೆ ಇದನ್ನು ಹೇಳಿಕೊಡಬೇಕೇ?